ಸಣ್ಣ ಹಲ್ಲಿನ ಫ್ಲೆಕ್ಸ್ ಹೆಡ್ ರಾಚೆಟ್: ಯಾವುದನ್ನು ಕೊಳ್ಳಬೇಕು, ಎಣ್ಣೆ ಎಲ್ಲಿಗೆ, ಗ್ರೀಸ್ ಎಷ್ಟು?

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಗ್ಯಾರೇಜ್ ಇಟ್ಟುಕೊಂಡವರು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು, ತೋಟದ ಪಂಪು, ಜೀಪುಗಳನ್ನು ತಾವೇ ಬಿಚ್ಚಿ ಜೋಡಿಸುವ ಕೃಷಿಕರು ಎಲ್ಲರೂ ನಟ್ಟು ತಿರುಗಿಸುವ ಹಿಡಿಯಾದ ರಾಚೆಟ್ಟಿನ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ಒಂದು: "72 ಹಲ್ಲಿನ ರಾಚೆಟ್ ಸಾಕಾ, 120ರದ್ದೇ ಬೇಕಾ?" ಎರಡು: "ಹೊಸ ರಾಚೆಟ್ ಜಾರಲಿಕ್ಕೆ ಶುರುವಾಯಿತು, ಬಿಚ್ಚಿ ಚೆನ್ನಾಗಿ ಗ್ರೀಸ್ ತುಂಬಿಸಿದೆ, ಈಗ ಇನ್ನೂ ಜಾಸ್ತಿ ಜಾರುತ್ತಿದೆ. ಏನು ಮಾಡಲಿ?"

ಎರಡನೆಯ ಪ್ರಶ್ನೆಯ ಉತ್ತರ ಪ್ರಶ್ನೆಯೊಳಗೇ ಇದೆ. ಗ್ರೀಸ್ ತುಂಬಿಸಿದ್ದರಿಂದಲೇ ಅದು ಇನ್ನೂ ಜಾಸ್ತಿ ಜಾರುತ್ತಿದೆ. ಹಳೆಯ ದಪ್ಪ ಹಲ್ಲಿನ ರಾಚೆಟ್ಟಿಗೆ ನಡೆಯುತ್ತಿದ್ದ ಆರೈಕೆ ಸಣ್ಣ ಹಲ್ಲಿನದಕ್ಕೆ ನಡೆಯುವುದಿಲ್ಲ. ಯಾಕೆಂದು ತಿಳಿಯಲು ತಲೆಯ ಒಳಗೆ ಏನಿದೆ ಎಂಬುದನ್ನು ಮೊದಲು ನೋಡಬೇಕು.

ಒಳಗೆ ಇರುವುದು

ಬಾಕ್ಸ್ ಸ್ಪ್ಯಾನರ್ ಸೆಟ್ಟಿನಲ್ಲಿ ಕಟಕಟ ಸದ್ದು ಮಾಡುವ ಹಿಡಿಯೇ ರಾಚೆಟ್. ಅದರ ತಲೆಯೊಳಗೆ ಸುತ್ತಲೂ ಹಲ್ಲಿರುವ ಒಂದು ಪುಟ್ಟ ಗಿಯರ್ ಇರುತ್ತದೆ. ಸಾಕೆಟ್ (ನಟ್ಟಿನ ಮೇಲೆ ಕೂರುವ ಬಟ್ಟಲು) ಸಿಕ್ಕಿಸುವ ಚೌಕದ ಮೊಳೆ ಈ ಗಿಯರಿನದ್ದೇ ಭಾಗ. ಹಲ್ಲುಗಳಿಗೆ ಸಿಕ್ಕಿಕೊಳ್ಳುವ ಉಕ್ಕಿನ ಸಣ್ಣ ತುಂಡಿಗೆ ಪಾಲ್ ಎನ್ನುತ್ತಾರೆ. ನಾನು ಇಲ್ಲಿ ಕೊಕ್ಕೆ ಎಂದೇ ಬರೆಯುತ್ತೇನೆ. ಕೊಕ್ಕೆಯನ್ನು ಹಿಂದಿನಿಂದ ಒಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ನೀವು ಹಿಡಿಯನ್ನು ಒಂದು ಕಡೆಗೆ ಎಳೆದರೆ ಕೊಕ್ಕೆ ಹಲ್ಲಿಗೆ ಕಚ್ಚಿ ನಟ್ಟನ್ನು ತಿರುಗಿಸುತ್ತದೆ. ಹಿಂದಕ್ಕೆ ತಂದರೆ ಹಲ್ಲುಗಳ ಮೇಲೆ ಹಾರಿಕೊಂಡು ಬರುತ್ತದೆ.

ಗಿಯರಿನ ವ್ಯಾಸ 18 ಮಿ.ಮೀ. ಎಂದು ಹಿಡಿಯಿರಿ. ಸುತ್ತಳತೆ ಸುಮಾರು 56 ಮಿ.ಮೀ. ಅದರಲ್ಲಿ 24 ಹಲ್ಲು ಕಡೆದರೆ ಒಂದು ಹಲ್ಲಿಗೆ ಎರಡು ಮಿ.ಮೀ.ಗಿಂತ ಹೆಚ್ಚು ಜಾಗ ಸಿಗುತ್ತದೆ. 72 ಹಲ್ಲು ಕಡೆದರೆ ಒಂದಕ್ಕೆ ಸಿಗುವುದು ಮುಕ್ಕಾಲು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಹಲ್ಲಿನ ಆಳ ಅದಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಹಲ್ಲು ಒಂದೊಂದಾಗಿ ಭಾರ ಹೊರಲಾರದು. ಹಾಗಾಗಿ ಕೊಕ್ಕೆಯ ಮುಖದಲ್ಲೂ ಹಲವು ಹಲ್ಲು ಕಡೆದು, ಎಲ್ಲವೂ ಒಟ್ಟಿಗೆ ಕಚ್ಚುವ ಹಾಗೆ ಮಾಡಿರುತ್ತಾರೆ. ಎಲ್ಲ ಹಲ್ಲೂ ಬುಡದವರೆಗೆ ಕೂತರೆ ಹಿಡಿತ ಗಟ್ಟಿ. ಹಲ್ಲಿನ ಬುಡದಲ್ಲಿ ಮಣ್ಣು, ತುಕ್ಕಿನ ಪುಡಿ ಅಥವಾ ದಪ್ಪ ಗ್ರೀಸ್ ಕೂತಿದ್ದರೆ ಕೊಕ್ಕೆ ಅರ್ಧ ಆಳಕ್ಕೆ ಮಾತ್ರ ಇಳಿಯುತ್ತದೆ. ಆಗ ಬಲ ಹಾಕಿದರೆ ಹಲ್ಲಿನ ತುದಿ ಮುರಿಯುತ್ತದೆ, ಇಲ್ಲವೇ ಜಾರಿ ನಿಮ್ಮ ಗೆಣ್ಣು ಬಾನೆಟ್ಟಿನ ಅಂಚಿಗೆ ಬಡಿಯುತ್ತದೆ.

ಇದೊಂದು ವಿಷಯ ತಲೆಯಲ್ಲಿದ್ದರೆ ಮುಂದಿನ ಎಲ್ಲ ಹಂತಗಳೂ ಸುಲಭ.

ಹಂತ 1: ಕೆಲಸ ನೋಡಿ ಡ್ರೈವ್ ಆರಿಸಿ

ಡ್ರೈವ್ ಎಂದರೆ ಆ ಚೌಕದ ಮೊಳೆಯ ಅಳತೆ. ಕಾಲಿಂಚು ಎಂದರೆ 6.35 ಮಿ.ಮೀ., 3/8 ಇಂಚು ಎಂದರೆ 9.5 ಮಿ.ಮೀ., ಅರ್ಧ ಇಂಚು ಎಂದರೆ 12.7 ಮಿ.ಮೀ. ನಮ್ಮ ಕಡೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅರ್ಧ ಇಂಚಿನ ಸೆಟ್ ಮತ್ತು ಪೆಟ್ಟಿಗೆಯಲ್ಲಿ ಬರುವ ಕಾಲಿಂಚಿನ 46 ಪೀಸಿನ ಸೆಟ್. ನಡುವಿನ 3/8 ಇಂಚನ್ನು ಬಹಳ ಮಂದಿ ಕೊಳ್ಳುವುದೇ ಇಲ್ಲ. ಆದರೆ ಸಣ್ಣ ಹಲ್ಲಿನ ಫ್ಲೆಕ್ಸ್ ಹೆಡ್ (ತಲೆ ಬಾಗುವ ರಾಚೆಟ್) ಒಂದೇ ಒಂದು ತೆಗೆದುಕೊಳ್ಳುವುದಾದರೆ ನನ್ನ ಸಲಹೆ 3/8 ಇಂಚಿನದ್ದೇ. ಸ್ಕೂಟರಿನ ಸೀಟಿನ ಕೆಳಗೆ, ಜೀಪಿನ ಸ್ಟಾರ್ಟರ್ ಮೋಟಾರಿನ ಹಿಂದೆ, ಆಲ್ಟರ್ನೇಟರಿನ ಬ್ರಾಕೆಟ್ಟಿನಲ್ಲಿ, ಸೈಲೆನ್ಸರ್ ಮ್ಯಾನಿಫೋಲ್ಡಿನಲ್ಲಿ ಸಿಗುವ ನಟ್ಟು ಬೋಲ್ಟುಗಳು ಹೆಚ್ಚಾಗಿ 10, 12, 13, 14 ಮಿ.ಮೀ. ಸಾಕೆಟ್ಟಿನವು. ಅಲ್ಲಿಗೆ ಅರ್ಧ ಇಂಚಿನ ತಲೆ ಹೊಗುವುದಿಲ್ಲ, ಕಾಲಿಂಚಿನದು ಬಲಕ್ಕೆ ಸಾಲುವುದಿಲ್ಲ.

ಬಲದ ಲೆಕ್ಕವನ್ನೂ ನೋಡಿ. ಕೈಯಿಂದ ತಿರುಗಿಸುವ ಈ ಸಾಧನಗಳಿಗೆ ಐಎಸ್‌ಒ 3315 ಎಂಬ ಮಾನದಂಡ ಇದೆ. ಅದರ ಪರೀಕ್ಷೆಯಲ್ಲಿ ಕಾಲಿಂಚಿನ ಡ್ರೈವ್ ಸುಮಾರು 60, 3/8 ಇಂಚು ಸುಮಾರು 200, ಅರ್ಧ ಇಂಚು ಸುಮಾರು 500 ನ್ಯೂಟನ್ ಮೀಟರ್ ತಡೆಯಬೇಕು. ನ್ಯೂಟನ್ ಮೀಟರ್ ಎಂದರೆ ತಿರುಚುವ ಬಲದ ಅಳತೆ. 25 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ 25 ಕಿಲೋ ಭಾರದಷ್ಟು ಬಲದಿಂದ ಎಳೆದರೆ ಸುಮಾರು 60 ನ್ಯೂಟನ್ ಮೀಟರ್ ಆಗುತ್ತದೆ. ಅದೇ ಹಿಡಿಗೆ ಪೈಪ್ ಸೇರಿಸಿ ಉದ್ದವನ್ನು 75 ಸೆಂ.ಮೀ.ಗೆ ಏರಿಸಿ 40 ಕಿಲೋ ಬಲ ಹಾಕಿದರೆ 290 ದಾಟುತ್ತದೆ. 3/8 ಇಂಚಿನ ರಾಚೆಟ್ಟಿನ ಪರೀಕ್ಷೆಯ ಮಿತಿಗಿಂತ ಎಷ್ಟು ಮೇಲೆ ಹೋಯಿತು ನೋಡಿ.

ಇಲ್ಲಿ ಎಚ್ಚರಿಕೆ: ರಾಚೆಟ್ಟಿನ ಹಿಡಿಗೆ ಪೈಪ್ ಹಾಕಬೇಡಿ. ಕಚ್ಚಿದ ನಟ್ಟನ್ನು ಮೊದಲು ರಿಂಗ್ ಸ್ಪ್ಯಾನರಿನಿಂದಲೋ ಹಲ್ಲಿಲ್ಲದ ಉದ್ದ ಬಾರಿನಿಂದಲೋ ಸಡಿಲಿಸಿ, ಆಮೇಲೆ ರಾಚೆಟ್ ಹಿಡಿಯಿರಿ. ಬಿಗಿಯುವಾಗಲೂ ಹಾಗೆಯೇ. ರಾಚೆಟ್ಟಿನಿಂದ ಕೂರಿಸಿ, ಕೊನೆಯ ಬಿಗಿತವನ್ನು, ತಿರುಚುವ ಬಲ ಅಳೆದು ಬಿಗಿಯುವ ಟಾರ್ಕ್ ರೆಂಚಿಗೆ ಬಿಡಿ. ಕಾರಿನ ಚಕ್ರದ ನಟ್ಟಿಗೆ ಈ ರಾಚೆಟ್ ಬೇಡವೇ ಬೇಡ.

ಹಂತ 2: ಹಲ್ಲಿನ ಸಂಖ್ಯೆಗೆ ಮರುಳಾಗುವ ಮೊದಲು ಲೆಕ್ಕ ಹಾಕಿ

360ನ್ನು ಹಲ್ಲಿನ ಸಂಖ್ಯೆಯಿಂದ ಭಾಗಿಸಿ. ಒಂದು 'ಕಟ್' ಆಗಲು ಹಿಡಿ ಎಷ್ಟು ಡಿಗ್ರಿ ತಿರುಗಬೇಕು ಎಂಬುದು ಸಿಗುತ್ತದೆ. 24 ಹಲ್ಲಿಗೆ 15 ಡಿಗ್ರಿ, 36ಕ್ಕೆ 10, 72ಕ್ಕೆ 5, 90ಕ್ಕೆ 4, 120ಕ್ಕೆ 3.

ಡಿಗ್ರಿ ಕೈಗೆ ಅರ್ಥವಾಗುವುದಿಲ್ಲ. ಹಾಗಾಗಿ 25 ಸೆಂ.ಮೀ. ಹಿಡಿಯ ತುದಿಯಲ್ಲಿ ನಿಮ್ಮ ಮುಷ್ಟಿ ಎಷ್ಟು ಸರಿಯಬೇಕು ಎಂದು ನೋಡೋಣ. 24 ಹಲ್ಲಿನದಕ್ಕೆ ಆರೂವರೆ ಸೆಂ.ಮೀ. ಬೇಕು. 36ಕ್ಕೆ ಸುಮಾರು 44 ಮಿ.ಮೀ. 72ಕ್ಕೆ 22 ಮಿ.ಮೀ. 90ಕ್ಕೆ ಹದಿನೇಳೂವರೆ. 120ಕ್ಕೆ 13. ಮುವತ್ತಾರರಿಂದ ಎಪ್ಪತ್ತೆರಡಕ್ಕೆ ಹೋದಾಗ 22 ಮಿ.ಮೀ. ಉಳಿತಾಯ. ರೇಡಿಯೇಟರಿನ ಹಿಂದಿನ ಇಕ್ಕಟ್ಟಿನಲ್ಲಿ ಅದು ಕೆಲಸ ಆಗುವುದಕ್ಕೂ ಆಗದಿರುವುದಕ್ಕೂ ಇರುವ ವ್ಯತ್ಯಾಸ. ಎಪ್ಪತ್ತೆರಡರಿಂದ 120ಕ್ಕೆ ಹೋದರೆ ಉಳಿಯುವುದು 9 ಮಿ.ಮೀ. ಮಾತ್ರ. ತಲೆಯಲ್ಲೂ ಸಾಕೆಟ್ಟಿನಲ್ಲೂ ಸ್ವಲ್ಪ ಸಡಿಲ ಇದ್ದರೆ ಆ ಒಂಬತ್ತರಲ್ಲಿ ಒಳ್ಳೆಯ ಪಾಲು ಅಲ್ಲೇ ಕರಗಿಹೋಗುತ್ತದೆ.

ಹಾಗಾಗಿ 72ರಿಂದ 90ರವರೆಗಿನ ಹಲ್ಲು ನಮ್ಮ ಕೆಲಸಕ್ಕೆ ಹದ. ಕೆಂಪು ಮಣ್ಣಿನ ಧೂಳು, ಆರು ತಿಂಗಳ ತೇವ, ಕಡಲ ಗಾಳಿ ಇರುವ ಊರಿನಲ್ಲಿ ಹಲ್ಲು ಸಣ್ಣದಾದಷ್ಟೂ ಆರೈಕೆ ಹೆಚ್ಚು ಬೇಕು. ಆ ಆರೈಕೆ ಮಾಡುತ್ತೇನೆ ಎಂಬ ಖಾತ್ರಿ ಇದ್ದರೆ ಮಾತ್ರ 120ಕ್ಕೆ ಹೋಗಿ.

120 ಎಂದು ಬರೆದದ್ದೆಲ್ಲ 120 ಹಲ್ಲಿನದ್ದೂ ಅಲ್ಲ. ಗೇರ್‌ರೆಂಚ್ ಕಂಪೆನಿಯ 120ಎಕ್ಸ್‌ಪಿ ಮಾದರಿಯ ಗಿಯರಿನಲ್ಲಿ ಇರುವುದು 60 ಹಲ್ಲು. ಎರಡು ಕೊಕ್ಕೆಗಳು ಒಂದರ ಮೇಲೊಂದು ಕೂತು ಸರದಿಯಲ್ಲಿ ಕಚ್ಚುತ್ತವೆ, ಅದರಿಂದ 120 ಜಾಗ ಸಿಗುತ್ತದೆ. ಇದು ಮೋಸ ಅಲ್ಲ, ಜಾಣ ವಿನ್ಯಾಸ. ಹಲ್ಲು ದಪ್ಪವಾಗಿಯೇ ಉಳಿಯುತ್ತದೆ. ಆದರೆ ಒಂದು ಹೊತ್ತಿಗೆ ಭಾರ ಹೊರುವುದು ಒಂದೇ ಕೊಕ್ಕೆ. ಒಳಗಿನ ಬಿಡಿಭಾಗಗಳೂ ಹೆಚ್ಚು, ಬಿಚ್ಚಿ ಜೋಡಿಸುವಾಗ ತಾಳ್ಮೆಯೂ ಹೆಚ್ಚು ಬೇಕು. ಕೊಳ್ಳುವ ಮೊದಲು ಹಲ್ಲು ಎಷ್ಟು, ಕೊಕ್ಕೆ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ.

ಹಂತ 3: ಬಾಗುವ ಕೀಲನ್ನು ಪರೀಕ್ಷಿಸಿ

ಫ್ಲೆಕ್ಸ್ ಹೆಡ್ ಎಂದರೆ ತಲೆ ಮತ್ತು ಹಿಡಿಯ ನಡುವೆ ಕೀಲು ಇದ್ದು, ತಲೆಯನ್ನು ಮೇಲಕ್ಕೂ ಕೆಳಕ್ಕೂ ಬಾಗಿಸಲು ಬರುವಂಥದ್ದು. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಕೀಲು ಬಿಗಿತದಿಂದ ಮಾತ್ರ ನಿಲ್ಲುತ್ತದೆ. ಇನ್ನೊಂದರಲ್ಲಿ ಗುಂಡಿ ಅಥವಾ ಲಿವರ್ ಒತ್ತಿ, ಬೇಕಾದ ಕೋನದಲ್ಲಿ ಲಾಕ್ ಮಾಡಬಹುದು. ಲಾಕ್ ಇರುವುದು ಒಂದೇ ಕೈ ಹೊಗುವ ಜಾಗದಲ್ಲಿ ಬಹಳ ಅನುಕೂಲ, ಯಾಕೆಂದರೆ ತಲೆ ಜೋತುಬೀಳುವುದಿಲ್ಲ. ಆದರೆ ಲಾಕಿನ ಹಲ್ಲುಗಳ ನಡುವೆಯೂ ಮಣ್ಣು ಸೇರುತ್ತದೆ, ಕೀಲಿನ ಭಾಗವೂ ದಪ್ಪ. ಮಾಮೂಲಿ ಗ್ಯಾರೇಜ್ ಕೆಲಸಕ್ಕೆ ಸ್ಕ್ರೂ ಇರುವ ಬಿಗಿತದ ಕೀಲು ಸಾಕು. ಸ್ಕ್ರೂ ಇರಬೇಕು ಎನ್ನುವುದು ಮುಖ್ಯ. ಕೆಲವು ಅಗ್ಗದವುಗಳಲ್ಲಿ ಪಿನ್ನನ್ನು ಬಡಿದು ಕೂರಿಸಿರುತ್ತಾರೆ. ಸಡಿಲವಾದರೆ ಮತ್ತೆ ಬಿಗಿಯಲು ದಾರಿ ಇರುವುದಿಲ್ಲ.

ತಲೆ ಬಾಗಿಸಿದಷ್ಟೂ ಬಲ ಕಡಿಮೆಯಾಗುತ್ತದೆ ಎಂಬುದನ್ನು ನೆನಪಿಡಿ. 30 ಡಿಗ್ರಿ ಬಾಗಿಸಿದರೆ ಹಿಡಿಯ ಉದ್ದದಲ್ಲಿ ಉಪಯೋಗಕ್ಕೆ ಬರುವುದು 87 ಶೇಕಡಾ. 45 ಡಿಗ್ರಿಯಲ್ಲಿ 71. 60 ಡಿಗ್ರಿಯಲ್ಲಿ ಅರ್ಧ ಮಾತ್ರ. ಜೊತೆಗೆ ಎಳೆಯುವಾಗ ತಲೆ ಇನ್ನಷ್ಟು ಬಾಗಲು ನೋಡುತ್ತದೆ, ಸಾಕೆಟ್ ಓರೆಯಾಗಿ ನಟ್ಟಿನ ಮೂಲೆ ಸವೆಯುತ್ತದೆ. ಜಾಸ್ತಿ ಬಲ ಬೇಕಾದ ಕ್ಷಣದಲ್ಲಿ ತಲೆಯನ್ನು ನೇರ ಮಾಡಿ. ನೇರ ಮಾಡಲು ಜಾಗ ಇಲ್ಲದಿದ್ದರೆ ಸಾಕೆಟ್ಟಿಗೂ ರಾಚೆಟ್ಟಿಗೂ ನಡುವೆ ಉದ್ದ ಸರಳು, ಅಂದರೆ ಎಕ್ಸ್‌ಟೆನ್ಷನ್ ಹಾಕಿ ಹೊರಗೆ ಬನ್ನಿ.

ಹಂತ 4: ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ನೋಡಿ

ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ, ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಬೋಲ್ಟು, ನಟ್ಟು ಮತ್ತು ಅದಕ್ಕೆ ಹೊಂದುವ ಸಾಕೆಟ್ ಇಟ್ಟುಕೊಂಡು ಹೋಗಿ. ನಟ್ಟನ್ನು ಬೋಲ್ಟಿಗೆ ಎರಡು ಸುತ್ತು ಮಾತ್ರ ಹತ್ತಿಸಿ, ರಾಚೆಟ್ ಹಾಕಿ ಹಿಂದೆ ಮುಂದೆ ಆಡಿಸಿ. ಹಿಂದಕ್ಕೆ ತರುವಾಗ ನಟ್ಟೂ ಜೊತೆಯಲ್ಲೇ ಹಿಂದೆ ಬಂದರೆ ಒಳಗಿನ ತಡೆ ಜಾಸ್ತಿ ಎಂದರ್ಥ. ಈ ತಡೆಗೆ ಬ್ಯಾಕ್ ಡ್ರ್ಯಾಗ್ ಎನ್ನುತ್ತಾರೆ. ಕೈ ಸರಿಯಾಗಿ ಹೊಗದ ಜಾಗದಲ್ಲಿ ಸಡಿಲ ನಟ್ಟನ್ನು ತಿರುಗಿಸುವಾಗ ಹಲ್ಲಿನ ಸಂಖ್ಯೆಗಿಂತ ಈ ಗುಣವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೊಸದರಲ್ಲಿ ಫ್ಯಾಕ್ಟರಿಯ ಗ್ರೀಸ್ ಸ್ವಲ್ಪ ದಪ್ಪವಾಗಿದ್ದು ತಡೆ ಇರಬಹುದು. ಅದನ್ನು ಮುಂದೆ ಸರಿಪಡಿಸಬಹುದು, ಆದರೆ ಎರಡು ದಿಕ್ಕಿನ ತಡೆಯೂ ಒಂದೇ ತರ ಇರಬೇಕು.

ಆಮೇಲೆ ತಲೆಯ ಹಿಂಭಾಗ ನೋಡಿ. ಸ್ಕ್ರೂ ಹಾಕಿದ ಮುಚ್ಚಳವೋ, ಸರ್ಕ್ಲಿಪ್ಪೋ (ಒತ್ತಿ ಕೂರಿಸಿದ ಬಾಯಿ ತೆರೆದ ಉಕ್ಕಿನ ಉಂಗುರ)? ಎರಡೂ ಆಗಬಹುದು, ಬಿಚ್ಚಲು ಬರುವಂಥದ್ದಾಗಿರಬೇಕು ಅಷ್ಟೇ. ಗಿಯರ್, ಕೊಕ್ಕೆ, ಸ್ಪ್ರಿಂಗ್ ಸೇರಿದ ರಿಪೇರಿ ಕಿಟ್ ಸಿಗುತ್ತದೆಯೇ ಎಂದು ಕೇಳಿ. ಸಿಗುವುದಿಲ್ಲ ಎಂದರೆ ಆ ರಾಚೆಟ್ ಎಷ್ಟೇ ಚಂದ ಇದ್ದರೂ ಬಿಡಿ. ಕಡಿಮೆ ಹಲ್ಲಿನ, ಕಿಟ್ ಸಿಗುವ ಕಂಪೆನಿಯದ್ದು ಅದಕ್ಕಿಂತ ಮೇಲು.

ದಿಕ್ಕು ಬದಲಿಸುವ ಲಿವರ್ ಹೆಬ್ಬೆರಳಿಗೆ ಸುಲಭವಾಗಿ ಸಿಗಬೇಕು. ಆದರೆ ಪೈಪಿಗೋ ವಯರಿಗೋ ತಾಗಿ ತನ್ನಷ್ಟಕ್ಕೆ ತಿರುಗುವಷ್ಟು ಸಡಿಲ ಇರಬಾರದು. ಹಿಡಿಯ ಮೇಲೆ ರಬ್ಬರ್ ಇರುವುದು ಬೇಕೋ ಬರೀ ಉಕ್ಕಿನದ್ದು ಬೇಕೋ ಎಂದರೆ, ಪೆಟ್ರೋಲ್, ಡೀಸೆಲ್ ಕೈಯಲ್ಲಿ ದಿನಾ ಇರುವವರಿಗೆ ಬರೀ ಉಕ್ಕು. ರಬ್ಬರ್ ಊದಿಕೊಂಡು ಸಡಿಲವಾಗುವುದುಂಟು.

ಹಂತ 5: ಬಿಚ್ಚುವುದು

ಸದ್ದು ಮಂಕಾದರೆ, ಲಿವರ್ ಅಂಟಿಕೊಂಡಂತೆ ತಿರುಗಿದರೆ, ಹಿಂದಕ್ಕೆ ತರುವಾಗ ಭಾರ ಅನ್ನಿಸಿದರೆ ಬಿಚ್ಚುವ ಹೊತ್ತಾಯಿತು ಎಂದು ತಿಳಿಯಿರಿ. ಒಂದೇ ಒಂದು ಸಲ ಬಲದ ಕೆಲಸದಲ್ಲಿ ಜಾರಿದರೂ ಸಾಕು, ಅಲ್ಲಿಗೇ ನಿಲ್ಲಿಸಿ ಬಿಚ್ಚಿ.

ಬೇಕಾದದ್ದು: ಸ್ಕ್ರೂವಿಗೆ ಸರಿಯಾಗಿ ಕೂರುವ ಬಿಟ್, ಸರ್ಕ್ಲಿಪ್ ಇದ್ದರೆ ಸರ್ಕ್ಲಿಪ್ ಪ್ಲೈಯರ್, ಹಳೆಯ ಹಲ್ಲುಜ್ಜುವ ಬ್ರಷ್, ಬಿಳಿ ಬಟ್ಟೆ, ಸಣ್ಣ ತಟ್ಟೆ, ಪಾರದರ್ಶಕ ಪ್ಲಾಸ್ಟಿಕ್ ಚೀಲ, ಕಣ್ಣಿಗೆ ಕನ್ನಡಕ. ಮುಚ್ಚಳದ ಸ್ಕ್ರೂ ಹೆಚ್ಚಾಗಿ ಟಾರ್ಕ್ಸ್ ಆಗಿರುತ್ತದೆ. ಟಾರ್ಕ್ಸ್ ಎಂದರೆ ಆರು ಮೂಲೆಯ ನಕ್ಷತ್ರದ ತೂತು. ಅದಕ್ಕೆ ಅಲೆನ್ ಕೀ ಒತ್ತಿ ತಿರುಗಿಸಿದರೆ ತೂತು ಹಾಳಾಗುತ್ತದೆ, ಅಲ್ಲಿಂದ ಮುಂದೆ ಡ್ರಿಲ್ಲೇ ಗತಿ.

ಗ್ಯಾರಂಟಿ ಇನ್ನೂ ಇದ್ದರೆ ಬಿಚ್ಚುವುದರಿಂದ ಅದು ತಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮುಚ್ಚಳ ತೆಗೆಯುವಾಗ ತಲೆಯನ್ನು ಪ್ಲಾಸ್ಟಿಕ್ ಚೀಲದೊಳಗೆ ಹಿಡಿದು ತೆಗೆಯಿರಿ. ಒಳಗಿನ ಸ್ಪ್ರಿಂಗ್ ಅಕ್ಕಿಕಾಳಿನಷ್ಟಿದ್ದರೆ ಅದರ ತುದಿಯ ಗುಂಡು ಅದಕ್ಕಿಂತ ಸಣ್ಣದು. ಹಾರಿ ಮುರಕಲ್ಲಿನ ನೆಲಕ್ಕೆ ಬಿದ್ದರೆ ಹುಡುಕಿ ಸಿಗುವುದಿಲ್ಲ. ಪ್ರತಿ ಭಾಗ ತೆಗೆಯುವ ಮೊದಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಕೊಕ್ಕೆಯ ಮೇಲ್ಮುಖ ಯಾವುದು, ಸ್ಪ್ರಿಂಗ್ ಯಾವ ಕಡೆಗಿತ್ತು ಎಂಬುದು ಆ ಹೊತ್ತಿಗೆ ಸ್ಪಷ್ಟ ಅನ್ನಿಸುತ್ತದೆ, ತೊಳೆದು ಒಣಗಿಸಿದ ಮೇಲೆ ಗೊಂದಲ. ಎರಡು ಕೊಕ್ಕೆ ಇದ್ದರೆ ಅವನ್ನು ಅದಲು ಬದಲು ಮಾಡಬೇಡಿ.

ಈಗ ಬಿಸಿಲಿಗೆ ಹಿಡಿದು ಹಲ್ಲು ನೋಡಿ. ಒಳ್ಳೆಯ ಹಲ್ಲಿನ ತುದಿ ಸಾಲಾಗಿ ಒಂದೇ ತರ ಹೊಳೆಯುತ್ತದೆ. ಎಲ್ಲಾದರೂ ತುದಿ ಚಪ್ಪಟೆಯಾಗಿದ್ದರೆ, ಒಂದು ಹಲ್ಲಿನ ಜಾಗ ಖಾಲಿ ಕಂಡರೆ ಗಿಯರ್ ಮತ್ತು ಕೊಕ್ಕೆ ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸ ಗಿಯರಿಗೆ ಹಳೆ ಕೊಕ್ಕೆ ಸರಿಯಾಗಿ ಕೂರುವುದಿಲ್ಲ. ಹಲ್ಲಿಗೆ ಅರ ಹಾಕಿ ಸರಿ ಮಾಡಲು ಹೋಗಬೇಡಿ. ಗಟ್ಟಿ ಮಾಡಿದ ಉಕ್ಕು ಅದು, ಆಕಾರ ಒಮ್ಮೆ ಹೋದರೆ ಹೋಯಿತು.

ಹಂತ 6: ತೊಳೆಯುವುದು

ಡೀಸೆಲ್ ಸಾಕು. ಸೀಮೆಎಣ್ಣೆ ಸಿಕ್ಕಿದರೆ ಅದೂ ಆಗುತ್ತದೆ. ಪೆಟ್ರೋಲ್ ಬೇಡ. ಅದರ ಆವಿ ನೆಲದ ಮಟ್ಟದಲ್ಲಿ ಹರಡಿ, ದೂರದ ಕಿಡಿಯಿಂದಲೂ ಹತ್ತಿಕೊಳ್ಳುತ್ತದೆ. ಬ್ರಷ್ಷಿನಿಂದ ಹಲ್ಲಿನ ಬುಡ ಬುಡವನ್ನೂ ಉಜ್ಜಿ. ನಮ್ಮ ಕೆಂಪು ಮಣ್ಣಿನ ಧೂಳು ಗ್ರೀಸಿನ ಜೊತೆ ಸೇರಿ ಕಂದು ಹಿಟ್ಟಿನ ತರ ಆಗಿರುತ್ತದೆ, ಒಂದೇ ಸಲಕ್ಕೆ ಬಿಡುವುದಿಲ್ಲ. ಕೊಕ್ಕೆ ಕೂರುವ ಗುಳಿಯನ್ನೂ ಸ್ಪ್ರಿಂಗಿನ ತೂತನ್ನೂ ಮರೆಯಬೇಡಿ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಣ್ಣ ಹತ್ತದಿರುವವರೆಗೆ ತೊಳೆದು, ಪೂರ್ತಿ ಒಣಗಿಸಿ. ಕಂಪ್ರೆಸರ್ ಗಾಳಿ ಹೊಡೆಯುವುದಾದರೆ ಸ್ಪ್ರಿಂಗನ್ನೂ ಗುಂಡನ್ನೂ ದೂರ ಇಟ್ಟು ಹೊಡೆಯಿರಿ.

ಬಿಚ್ಚಲು ಬರದ ತಲೆಯಾದರೆ ಚೌಕದ ಮೊಳೆಯ ಸುತ್ತಲಿನ ಸಂದಿಗೆ ತೆಳು ಎಣ್ಣೆ ಬಿಟ್ಟು, ಎರಡೂ ದಿಕ್ಕಿಗೆ ಚೆನ್ನಾಗಿ ಆಡಿಸಿ, ತಲೆಕೆಳಗಾಗಿ ಬಟ್ಟೆಯ ಮೇಲೆ ಇಡಿ. ಹೊರಬರುವ ಎಣ್ಣೆ ತಿಳಿಯಾಗುವವರೆಗೆ ಇದನ್ನೇ ಮಾಡಿ. ಬಿಚ್ಚಿ ತೊಳೆದಷ್ಟು ಆಗದು, ಆದರೂ ವ್ಯತ್ಯಾಸ ಗೊತ್ತಾಗುತ್ತದೆ.

ಹಂತ 7: ಎಣ್ಣೆ ಹಲ್ಲಿಗೆ, ಗ್ರೀಸ್ ಅಂಚಿಗೆ

ಎಲ್ಲರೂ ತಪ್ಪುವುದು ಇಲ್ಲಿ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗ್ರೀಸಿನ ದಪ್ಪಕ್ಕೆ ಎನ್‌ಎಲ್‌ಜಿಐ ಎಂಬ ಅಂಕಿ ಇದೆ. ಅಂಕಿ ಹೆಚ್ಚಾದಷ್ಟೂ ಗ್ರೀಸ್ ಗಟ್ಟಿ. 000, 00, 0 ಎನ್ನುವವು ಹರಿಯುವಷ್ಟು ತೆಳು. 2 ಎಂದರೆ ಮಾಮೂಲಿ ಡಬ್ಬದ ಗ್ರೀಸ್. ಚಕ್ರದ ಬೇರಿಂಗಿಗೆ ಹಾಕುವ ಎಪಿ-3 ಗ್ರೀಸಿನ ಹೆಸರಿನಲ್ಲಿರುವ 3 ಈ ಅಂಕಿಯೇ. ಗ್ಯಾರೇಜಿನಲ್ಲಿ ಕೈಗೆ ಮೊದಲು ಸಿಗುವುದು ಈ ಬೇರಿಂಗ್ ಗ್ರೀಸ್. ಸಣ್ಣ ಹಲ್ಲಿನ ರಾಚೆಟ್ಟಿಗೆ ಅದೇ ಅತಿ ಕೆಟ್ಟ ಆಯ್ಕೆ. ಕೊಕ್ಕೆ ಹಲ್ಲಿಗೆ ಇಳಿಯುವಾಗ ಬುಡದಲ್ಲಿರುವ ಗ್ರೀಸನ್ನು ತಳ್ಳಿ ಹೊರಹಾಕಬೇಕು. ಅಕ್ಕಿಕಾಳಿನಷ್ಟಿರುವ ಸ್ಪ್ರಿಂಗಿಗೆ ಅಷ್ಟು ಶಕ್ತಿ ಇಲ್ಲ. ಕೊಕ್ಕೆ ಅರ್ಧಕ್ಕೆ ನಿಲ್ಲುತ್ತದೆ, ನೀವು ಎಳೆಯುತ್ತೀರಿ, ಜಾರುತ್ತದೆ.

ಕ್ರಮ ಹೀಗಿರಲಿ:

1. ಗಿಯರಿನ ಮೇಲಿನ ಮತ್ತು ಕೆಳಗಿನ ನುಣುಪಾದ ಅಂಚು ತಲೆಯ ಗೋಡೆಗೆ ಉಜ್ಜುತ್ತಾ ತಿರುಗುತ್ತದೆ. ಅಲ್ಲಿಗೆ ಮಾತ್ರ ತೆಳು ಸಿಂಥೆಟಿಕ್ ಗ್ರೀಸನ್ನು ಬೆರಳ ತುದಿಯಿಂದ ಸವರಿ. ಬೆಳಕಿಗೆ ಹಿಡಿದಾಗ ಹೊಳಪು ಕಾಣಬೇಕು, ಗ್ರೀಸಿನ ಬಣ್ಣ ಕಾಣಬಾರದು.

2. ಕೊಕ್ಕೆಯ ಬೆನ್ನಿಗೂ ಅದು ಜಾರುವ ಗುಳಿಗೂ ಅದೇ ರೀತಿ ತೀರಾ ತೆಳುವಾದ ಪದರ.

3. ಹಲ್ಲುಗಳಿಗೆ ಗ್ರೀಸ್ ಬೇಡ. ಹೊಲಿಗೆ ಯಂತ್ರದ ಎಣ್ಣೆಯೋ, ಸ್ಕೂಟರಿಗೆ ಹಾಕಿ ಬಾಟಲಿಯಲ್ಲಿ ಉಳಿದ ಹೊಸ 10ಡಬ್ಲ್ಯು-30 ಎಂಜಿನ್ ಎಣ್ಣೆಯೋ ಎರಡು ಮೂರು ಹನಿ ಸಾಕು. ಗಿಯರನ್ನು ತಿರುಗಿಸಿ ಎಲ್ಲ ಹಲ್ಲಿಗೂ ಹರಡಿ, ಹೆಚ್ಚಾದದ್ದನ್ನು ಬಟ್ಟೆಗೆ ಒತ್ತಿ ತೆಗೆಯಿರಿ. ಪ್ರತಿ ಹಲ್ಲಿನ ಆಕಾರವೂ ಕಣ್ಣಿಗೆ ಬಿಡಿಬಿಡಿಯಾಗಿ ಕಾಣಬೇಕು.

4. ಸ್ಪ್ರಿಂಗಿಗೂ ಗುಂಡಿಗೂ ಒಂದೊಂದು ಹನಿ ಎಣ್ಣೆ. ಸ್ಪ್ರಿಂಗಿನ ತೂತಿನೊಳಗೆ ಗ್ರೀಸ್ ಹಾಕಿದರೆ ಅದು ಅಲ್ಲೇ ಗಟ್ಟಿಯಾಗಿ ಸ್ಪ್ರಿಂಗ್ ಕುಗ್ಗದಂತೆ ಮಾಡುತ್ತದೆ.

5. ಲಿವರಿನ ಬುಡಕ್ಕೆ ಒಂದು ಹನಿ. ಸಾಕೆಟ್ ಹಿಡಿಯುವ ಗುಂಡು ಮತ್ತು ಸಾಕೆಟ್ ಬಿಡಿಸುವ ಗುಂಡಿ ಇದ್ದರೆ ಅದಕ್ಕೂ ಒಂದು ಹನಿ.

ಬಾಗುವ ಕೀಲಿನ ವಿಷಯ ಬೇರೆ. ಅದು ನಿಲ್ಲುವುದೇ ತಡೆಯಿಂದ. ಅಲ್ಲಿಗೆ ಗ್ರೀಸ್ ಹಾಕಿದರೆ ತಲೆ ಸತ್ತ ಕೋಳಿಯ ಕುತ್ತಿಗೆಯ ಹಾಗೆ ಜೋತುಬೀಳುತ್ತದೆ. ತುಕ್ಕು ಹಿಡಿಯದಿರಲಿ ಎಂದು ಒಂದು ಹನಿ ತೆಳು ಎಣ್ಣೆ ಬಿಟ್ಟು, ನಾಲ್ಕು ಸಲ ಬಾಗಿಸಿ, ಪೂರ್ತಿ ಒರೆಸಿ ತೆಗೆಯಿರಿ. ಆಮೇಲೆ ಸ್ಕ್ರೂವನ್ನು, ತಲೆ ತನ್ನ ಭಾರಕ್ಕೆ ಬೀಳದಷ್ಟು, ಆದರೆ ಒಂದೇ ಕೈಯಿಂದ ಬಾಗಿಸಲು ಬರುವಷ್ಟು ಬಿಗಿಯಿರಿ. ಸ್ಕ್ರೂ ಪದೇ ಪದೇ ಸಡಿಲವಾಗುತ್ತಿದ್ದರೆ ಥ್ರೆಡ್ಡಿನ ಎಣ್ಣೆ ಒರೆಸಿ, ನೀಲಿ ಥ್ರೆಡ್ ಲಾಕರನ್ನು (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಕಡ್ಡಿಯ ತುದಿಯಲ್ಲಿ ಚೂರು ಹಚ್ಚಿ. ಬಾಟಲಿಯಿಂದ ನೇರ ಸುರಿದರೆ ಅದು ಕೀಲಿನೊಳಗೆ ಹರಿದು ಕೀಲೇ ಅಂಟಿಕೊಳ್ಳುತ್ತದೆ. ಲಾಕ್ ಇರುವ ಕೀಲಾದರೆ ಲಾಕಿನ ಹಲ್ಲನ್ನು ಬ್ರಷ್ಷಿನಿಂದ ಸ್ವಚ್ಛ ಮಾಡಿ ಒಂದು ಹನಿ ಎಣ್ಣೆ, ಅಷ್ಟೇ.

ಇನ್ನು, ಹಾಕಬಾರದ್ದು. ತೆಂಗಿನೆಣ್ಣೆ ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಮದ್ದು, ಗ್ಯಾರೇಜಿನ ಮೂಲೆಯಲ್ಲೂ ಒಂದು ಬಾಟಲಿ ಇದ್ದೇ ಇರುತ್ತದೆ. ಆದರೆ ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಕೂತಿರುವುದನ್ನು ಎಲ್ಲರೂ ನೋಡಿದ್ದೇವೆ. ರಾಚೆಟ್ಟಿನ ಹಲ್ಲಿನ ಬುಡದಲ್ಲೂ ಹಾಗೆಯೇ ಕೂರುತ್ತದೆ. ಹಳತಾದಂತೆ ಕನರಿ ಆಮ್ಲದ ಅಂಶವೂ ಹೆಚ್ಚುತ್ತದೆ. ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯಲ್ಲಿ ಮಸಿ, ಲೋಹದ ಪುಡಿ, ಆಮ್ಲ ಎಲ್ಲ ಇರುತ್ತದೆ, ಅದೂ ಬೇಡ. ಡಬ್ಲ್ಯುಡಿ-40 ಎಂಬ ಸ್ಪ್ರೇ ನೀರನ್ನು ಓಡಿಸಲು, ಅಂಟು ಬಿಡಿಸಲು ಒಳ್ಳೆಯದು. ಆದರೆ ಅದರ ಹೆಚ್ಚಿನ ಭಾಗ ಆವಿಯಾಗುವ ದ್ರಾವಕ, ಉಳಿಯುವ ಪದರ ದಿನವೂ ಕೆಲಸ ಮಾಡುವ ಹಲ್ಲಿಗೆ ಸಾಲದು. ಒದ್ದೆಯಾದಾಗ ಅದನ್ನು ಹೊಡೆಯಿರಿ, ಒರೆಸಿ, ಆಮೇಲೆ ಎಣ್ಣೆ ಹಾಕಿ.

ಕ್ಲಿಕ್ ಮಾಡುವ ಟಾರ್ಕ್ ರೆಂಚ್ ನಿಮ್ಮಲ್ಲಿದ್ದರೆ ಅದರ ಹಿಡಿಯೊಳಗಿನ ಯಂತ್ರಕ್ಕೆ ಎಣ್ಣೆ ಬಿಡಲೇಬೇಡಿ. ಅಳತೆ ತಪ್ಪುತ್ತದೆ.

ಹಂತ 8: ಮುಚ್ಚಿ ಪರೀಕ್ಷಿಸುವುದು

ಫೋಟೋ ನೋಡಿಕೊಂಡು ತೆಗೆದ ಕ್ರಮಕ್ಕೆ ತಿರುಗಾ ಜೋಡಿಸಿ. ಮುಚ್ಚಳದ ಸ್ಕ್ರೂಗಳನ್ನು ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗುವ ಬದಲು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಮುಚ್ಚಳ ಓರೆಯಾದರೆ ಗಿಯರ್ ಹಿಡಿಯುತ್ತದೆ. ಮೊಳೆಯನ್ನು ಬೆರಳಿನಿಂದ ತಿರುಗಿಸಿ ಕಿವಿಗೆ ಹತ್ತಿರ ಹಿಡಿಯಿರಿ. ಸದ್ದು ತೆಳ್ಳಗೆ, ಸ್ಪಷ್ಟವಾಗಿ, ಎರಡೂ ದಿಕ್ಕಿಗೆ ಒಂದೇ ತರ ಕೇಳಬೇಕು. ಬಟ್ಟೆಯೊಳಗಿನಿಂದ ಬಂದ ಹಾಗೆ ಮಂಕಾಗಿ ಕೇಳಿದರೆ ಗ್ರೀಸ್ ಹೆಚ್ಚಾಗಿದೆ, ಬಿಚ್ಚಿ ಒರೆಸಿ.

ಆಮೇಲೆ ವೈಸಿನಲ್ಲಿ ಒಂದು ದಪ್ಪ ಬೋಲ್ಟು ಕಚ್ಚಿಸಿ, ಸಾಕೆಟ್ ಹಾಕಿ, ನಿಧಾನಕ್ಕೆ ಬಲ ಏರಿಸುತ್ತಾ ಎಳೆಯಿರಿ. ಜೆರ್ಕ್ ಕೊಡಬೇಡಿ, ಮುಖವನ್ನು ಹಿಡಿಯ ದಾರಿಯಲ್ಲಿ ಇಡಬೇಡಿ. ಗಿಯರನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಬೇರೆ ಬೇರೆ ಹಲ್ಲಿನಲ್ಲಿ, ಎರಡೂ ದಿಕ್ಕಿಗೆ ನೋಡಿ. ಎಲ್ಲೂ ಜಾರದಿದ್ದರೆ ಮಾತ್ರ ಗಾಡಿಯ ಕೆಲಸಕ್ಕೆ ತೆಗೆದುಕೊಳ್ಳಿ.

ಹಂತ 9: ಮಳೆಗಾಲ ಮತ್ತು ಮದ್ದು ಬಿಡುವ ಸಮಯ

ಹೊರಗಿನ ಕ್ರೋಮ್ ಹೊಳೆಯುತ್ತಿದೆ ಎಂದು ನಂಬಿ ಕೂರಬೇಡಿ. ಒಳಗಿನ ಗಿಯರಿಗೂ ಕೊಕ್ಕೆಗೂ ಸಾಮಾನ್ಯವಾಗಿ ಆ ಲೇಪ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸಂಜೆ ಪೆಟ್ಟಿಗೆಗೆ ಹಾಕುವ ಮೊದಲು ಎಣ್ಣೆ ಬಟ್ಟೆಯಲ್ಲಿ ಒರೆಸಿ, ತಲೆಯನ್ನು ಕೆಳಮುಖ ಮಾಡಿ ಇಡಿ. ಒದ್ದೆ ಗೋಣಿಯ ಮೇಲೆ, ಸಿಮೆಂಟು ನೆಲದ ಮೇಲೆ ನೇರ ಇಡಬೇಡಿ. ಬ್ಯಾಟರಿ ಚಾರ್ಜಿಗಿಡುವ ಮೂಲೆಯಿಂದ ಟೂಲ್ ಪೆಟ್ಟಿಗೆ ದೂರ ಇರಲಿ, ಆಮ್ಲದ ಆವಿ ಉಕ್ಕನ್ನು ತಿನ್ನುತ್ತದೆ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಬಿಚ್ಚಿ ತೊಳೆಯುವುದು ಒಳ್ಳೆಯ ರೂಢಿ. ಉಪ್ಪಳ, ಕುಂಬಳೆಯಂಥ ಕಡಲ ಬದಿಯವರು ನಡುವೆ ಇನ್ನೊಮ್ಮೆ ಮಾಡಿ.

ತೋಟದ ಸ್ಪ್ರೇ ಪಂಪು ರಿಪೇರಿ ಮಾಡುವವರಿಗೆ ಇನ್ನೊಂದು ಮಾತು. ಅಡಿಕೆಗೆ ಕೊಳೆರೋಗ ಬಾರದಿರಲಿ ಎಂದು ಬಿಡುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇದೆ. ಸುಣ್ಣ ಸಾಕಾಗಿದೆಯೇ ಎಂದು ನೋಡಲು ಕತ್ತಿ ಅದ್ದಿ, ಕೆಂಪಾದರೆ ಇನ್ನಷ್ಟು ಸುಣ್ಣ ಹಾಕುವುದು ತೋಟದವರಿಗೆಲ್ಲ ಗೊತ್ತು. ಆ ಕೆಂಪು ತಾಮ್ರದ್ದು. ಕತ್ತಿಯ ಕಬ್ಬಿಣ ಕರಗಿ, ಅದರ ಜಾಗದಲ್ಲಿ ತಾಮ್ರ ಕೂತಿರುತ್ತದೆ. ಮೈಲುತುತ್ತಿನ ನೀರು ರಾಚೆಟ್ಟಿನೊಳಗೆ ಹೋದರೂ ಅದೇ ಆಗುತ್ತದೆ, ಕರಗುವುದು ಮುಕ್ಕಾಲು ಮಿ.ಮೀ.ಯ ಹಲ್ಲು. ಸುಣ್ಣ ಸರಿ ಇದ್ದರೂ ಒಣಗಿದ ಪುಡಿ ಹಲ್ಲಿನ ಸಂದಿಯಲ್ಲಿ ಕಲ್ಲಾಗಿ ಕೂರುತ್ತದೆ. ಹಾಗಾಗಿ ಪಂಪನ್ನು ಮೊದಲು ಒಳ್ಳೆಯ ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಟೂಲ್ ಹಾಕಿ. ತಲೆ ಒದ್ದೆಯಾಗಿದ್ದರೆ ಅದೇ ಸಂಜೆ ಬಿಚ್ಚಿ ನೀರಿನಲ್ಲಿ ತೊಳೆಯಿರಿ, ಬಿಸಿಲಲ್ಲೋ ಒಲೆಯ ಬದಿಯಲ್ಲೋ ಒಣಗಿಸಿ, ಹೊಸ ಎಣ್ಣೆ ಹಾಕಿ. ಡೀಸೆಲ್ ಮಾತ್ರ ಹಾಕಿದರೆ ಮೈಲುತುತ್ತು ಹೋಗುವುದಿಲ್ಲ, ಅದು ಕರಗುವುದು ನೀರಿನಲ್ಲಿ. ಈ ಕೆಲಸ ಜಾಸ್ತಿ ಇರುವವರು ಹಳೆಯ 24 ಅಥವಾ 36 ಹಲ್ಲಿನ ರಾಚೆಟ್ ಒಂದನ್ನು ಪಂಪಿಗೆಂದೇ ಬೇರೆ ಇಟ್ಟುಕೊಳ್ಳಿ.